ಇಪ್ಪತ್ತು ಹೆಜ್ಜೆ ಪಕ್ಕಕ್ಕೆ

ಅಣ್ಣನ ಬೂಟಿಗೆ ಮೆತ್ತಿದ್ದ ಮಣ್ಣನ್ನು ಅವಳು ಹಳೆಯ ಚಮಚದ ಹಿಡಿಯಿಂದ ಕೆರೆಯುತ್ತಿದ್ದಳು. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಎಡಗೈಯನ್ನು ಬೂಟಿನೊಳಕ್ಕೆ ಮೊಣಕೈವರೆಗೆ ತೂರಿಸಿ, ಬಲಗೈಯಿಂದ ಒಂದೊಂದೇ ಹಕ್ಕಳೆಯನ್ನು ಎಬ್ಬಿಸಿ ಬಕೆಟ್ಟಿಗೆ ಬೀಳಿಸುವುದು. ದಿನವೂ ಮಾಡುವ ಕೆಲಸವೇ. ಆದರೆ ಇವತ್ತು ಹಕ್ಕಳೆ ನೀರಿಗೆ ಬಿದ್ದ ಕೂಡಲೇ ಅವಳ ಕೈ ನಿಂತಿತು. ಮಣ್ಣು ಮುಳುಗಲಿಲ್ಲ. ಅಂಚಿನಿಂದ ಬಿಚ್ಚಿಕೊಳ್ಳುತ್ತ, ಹೊಗೆಯ ಹಾಗೆ ಸುತ್ತಿಕೊಳ್ಳುತ್ತ, ಬಕೆಟ್ಟಿನ ತಳ ಕಾಣದ ಹಾಗೆ ಹಳದಿ ಹರಡಿತು. ಹೋದ ತಿಂಗಳು ಈ ಬೂಟಿನಿಂದ ಬಿದ್ದದ್ದು ಕಪ್ಪು ಮಣ್ಣು, ಅದರಲ್ಲಿ ಬೇರಿನ ಎಳೆಗಳಿದ್ದವು, ಒಮ್ಮೆ ಒಂದು ಎರೆಹುಳವೂ ಇತ್ತು. ಆಮೇಲೆ ಕಂದು. ಈಗ ಇದು, ಗುಡ್ಡದ ಹೊಟ್ಟೆಯೊಳಗೆ ಎಂದೂ ಬೆಳಕು ಕಾಣದೆ ಇದ್ದ ಮಣ್ಣು, ಬೆರಳಲ್ಲಿ ಹಿಸುಕಿದರೆ ಸೋಪಿನ ಹಾಗೆ ಜಾರುತ್ತದೆ. ಅಡುಗೆಮನೆಯೊಳಗೆ ಅತ್ತಿಗೆ ನಲ್ಲಿಯ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸುತ್ತಿದ್ದಳು. ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹಾಕಿದಳು. ಮೆಟ್ಟಿಲ ಮೇಲೆ ಕೂತಿದ್ದ ಅವಳು ಬಟ್ಟೆಯನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಮತ್ತೆ ಬಟ್ಟೆಯನ್ನು ನೋಡಿದಳು. ಎರಡೂ ಒಂದೇ ಥಾನಿನಿಂದ ಹರಿದ ಹಾಗಿದ್ದವು. ಅವಳ ಎದೆ, ಯಾರೋ ಒಳಗಿನಿಂದ ಬಾಗಿಲು ತಟ್ಟುತ್ತಿರುವ ಹಾಗೆ ಬಡಿದುಕೊಳ್ಳುತ್ತಿತ್ತು.

ಅದು ಹೆದರಿಕೆಯಲ್ಲ ಎನ್ನುವುದೇ ಅವಳಿಗೆ ಆಶ್ಚರ್ಯ. ತಪ್ಪು ಮಾಡಿದವಳಿಗೆ ಹೆದರಿಕೆಯಾಗಬೇಕು, ನಾಚಿಕೆಯಾಗಬೇಕು. ಮೂರು ತಿಂಗಳಿಂದ ಅವೆರಡೂ ಇದ್ದವು. ಅನ್ನದ ಜೊತೆ ಇಳಿಯುತ್ತಿದ್ದವು, ದಿಂಬಿನ ಪಕ್ಕ ಮಲಗುತ್ತಿದ್ದವು. ಆದರೆ ನಿನ್ನೆ ಸಂಜೆಯಿಂದ ಅವುಗಳ ಜೊತೆಗೆ ಇನ್ನೊಂದು ಬಂದು ಸೇರಿಕೊಂಡಿದೆ, ಅದಕ್ಕೆ ಹೆಸರು ಗೊತ್ತಿಲ್ಲ, ಮೈಮೇಲೆ ಇರುವೆ ಹರಿದಾಡಿದ ಹಾಗೆ ಕೂತಲ್ಲಿ ಕೂರಲು ಬಿಡುವುದಿಲ್ಲ. ನಿನ್ನೆ ಕಚೇರಿ ಮುಗಿದ ಮೇಲೆ ಅವಳು ಅಳತೆಯ ಕೋಲನ್ನೂ ಕೊಳವೆಯನ್ನೂ ಎತ್ತಿಕೊಂಡು ಒಬ್ಬಳೇ ಗುಡ್ಡಕ್ಕೆ ಹೋಗಿದ್ದಳು. ಐದು ವರ್ಷದಿಂದ ಸರ್ವೇಯರ ಜೊತೆ ಕೋಲು ಹಿಡಿಯುವ ಕೆಲಸ ಮಾಡಿದ್ದರೂ ಆ ಕೊಳವೆಯೊಳಗೆ ಅವಳು ಒಂದು ದಿನವೂ ಕಣ್ಣಿಟ್ಟಿರಲಿಲ್ಲ. ಗೇಣುದ್ದದ ಹಿತ್ತಾಳೆ ಕೊಳವೆ. ಮೇಲೆ ನಿಂತು ಅದರಲ್ಲಿ ನೋಡಿ, ಕೆಳಗೆ ಹಿಡಿದ ಕೋಲಿನ ಕೆಂಪು ಗುರುತಿಗೆ ಒಳಗಿನ ಗೀಟನ್ನು ಹೊಂದಿಸಿದರೆ, ಇಳಿಜಾರು ನೂರಕ್ಕೆ ಎಷ್ಟು ಅಂತ ಅದೇ ಹೇಳುತ್ತದೆ. ಅವಳು ಯಾವಾಗಲೂ ಕೆಳಗಿನವಳು, ನೋಡಿಸಿಕೊಳ್ಳುವ ಕಡೆಯವಳು. ನಿನ್ನೆ ಕೋಲನ್ನು ಎರಡು ಕಲ್ಲಿನ ಮಧ್ಯೆ ಸಿಕ್ಕಿಸಿ, ಮೇಲೆ ಹತ್ತಿ, ಕಣ್ಣು ಕಿರಿದು ಮಾಡಿ ನೋಡಿದಾಗ ಮೊದಲು ತನ್ನ ರೆಪ್ಪೆಯ ಕೂದಲೇ ಕಂಡಿತು. ಆಮೇಲೆ ಗೀಟು. ಆಮೇಲೆ ಕೆಂಪು. ಆಮೇಲೆ ಒಂದು ಚಕ್ರ ನಿಧಾನಕ್ಕೆ ತೂಗಿ, ಓಲಾಡಿ, ನಿಂತು, ಮೂವತ್ತನಾಲ್ಕು ಎಂದಿತು. ಅವಳು ಕೊಳವೆ ತೆಗೆದು ಸುತ್ತಲೂ ನೋಡಿದಳು, ಯಾರಾದರೂ ಕೇಳಿಸಿಕೊಂಡರೇ ಎನ್ನುವ ಹಾಗೆ. ಮತ್ತೆ ನೋಡಿದಳು. ಮೂವತ್ತನಾಲ್ಕು. ಐದು ಸಲ ನೋಡಿದಳು. ಮೂರು ತಿಂಗಳ ಹಿಂದಿನ ಅಳತೆಯ ಕಾಗದದಲ್ಲಿ ಇಪ್ಪತ್ತೆಂಟು ಅಂತಿತ್ತು.

ನೂರಕ್ಕೆ ಮೂವತ್ತು ಎನ್ನುವುದು ಗೆರೆ. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಮೂವತ್ತು ಅಡಿಗಿಂತ ಹೆಚ್ಚು ಇಳಿಯುವ ಜಾಗವಾದರೆ ಅಲ್ಲಿ ಅಗೆಯುವಂತಿಲ್ಲ, ಕಟ್ಟುವಂತಿಲ್ಲ, ಬೇರು ಕೀಳುವಂತಿಲ್ಲ, ಯಾಕೆಂದರೆ ಗುಡ್ಡದ ಬುಡದಲ್ಲಿರುವುದು ಇಡೀ ಊರು ಕುಡಿಯುವ ಕೆರೆ. ಗೆರೆಯ ಈಚೆಗೆ ಬಂದರೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಮನೆ ಕಟ್ಟಬಹುದು. ಇಪ್ಪತ್ತೆಂಟು ಈಚೆಗೆ. ಮೂವತ್ತನಾಲ್ಕು ಆಚೆಗೆ. ನಡುವಿನ ಆರು ಎಲ್ಲಿಂದ ಬಂತೆಂದು ಇಡೀ ಜಗತ್ತಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

“ಬೂಟು ತೊಳೀತಿದೀಯೋ ಪಾಲಿಶ್ ಹೊಡೀತಿದೀಯೋ, ನಾನೇನು ಮದುಮಗನಾ,” ಎಂದು ಅಣ್ಣ ಬಾಗಿಲಲ್ಲಿ ನಿಂತು ಕೇಳಿದ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಮಣ್ಣು ಅಗೆಯುವ ಮಿಷಿನ್ನಿನ ಬೀಗದ ಕೈ. ಆ ಬೀಗದ ಕೈಯನ್ನು ಅವನು ಬೆರಳಿಗೆ ಹಾಕಿಕೊಂಡು ತಿರುಗಿಸುವುದನ್ನು ನೋಡಿದರೆ ಅವಳಿಗೆ ಯಾವಾಗಲೂ ನಗು ಬರುತ್ತಿತ್ತು. ಹತ್ತು ವರ್ಷ ಬೇರೆಯವರ ಮಿಷಿನ್ನು ಓಡಿಸಿ, ಈಗ ಸ್ವಂತದ್ದು ಹಳದಿ ಬಣ್ಣದ್ದು ಬಂದು, ಅದಕ್ಕೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಇದು.

“ಇವತ್ತು ಗುಡ್ಡದ ಮೇಲಿನ ಪಟ್ಟಿ ತೆಗೆದುಬಿಟ್ರೆ ಮುಗೀತು,” ಎಂದ ಅತ್ತಿಗೆಗೆ. “ಯಾರೋ ಕಮಿಟಿಯೋರು ಬರ್ತಾರಂತೆ, ನೋಡ್ತಾರಂತೆ, ಹೋಗ್ತಾರಂತೆ. ಮಧ್ಯಾಹ್ನದೊಳಗೆ ಮಿಷಿನ್ ಬಕೆಟ್ ಇಳಿಸ್ತೀನಿ.”

“ಮೊದ್ಲು ಈ ನೀರಿಗೆ ಏನಾದ್ರೂ ಮಾಡಿ. ಸೋಸಿ ಸೋಸಿ ನನ್ನ ಕೈ ಬಿದ್ದುಹೋಯ್ತು.”

“ಆ ಫಿಲ್ಟರ್ ಅಕ್ಕ ನಿದ್ದೆ ಹೊಡೀತಾಳೆ, ಅದಕ್ಕೆ ನೀರು ಹೀಗೆ. ಊರೆಲ್ಲ ಹೇಳ್ತಿದೆ.” ಅವನು ತಂಗಿಯ ತಲೆಯ ಮೇಲೆ ಬೀಗದ ಕೈಯಿಂದ ಮೆಲ್ಲಗೆ ತಟ್ಟಿದ. “ಏನೇ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ? ನೀನೂ ಬರ್ತೀಯಲ್ಲ ಕಮಿಟಿ ಜೊತೆ. ಅಣ್ಣ ಮಿಷಿನ್ ಮೇಲೆ ಕೂತಿರೋದು ನೋಡಿ ಕಣ್ಣು ತಂಪು ಮಾಡ್ಕೋ.”

ಅವಳು ತಲೆಯಾಡಿಸಿದಳು. ಈಗ ಹೇಳಬೇಕು ಅಂದುಕೊಂಡಳು. ಅಣ್ಣ, ಆ ಪಟ್ಟಿ ತೆಗೀಬೇಡ. ನಾಲ್ಕೇ ಶಬ್ದ. ನಾಲಗೆಯ ತುದಿಯವರೆಗೂ ಬಂದು ಸಾಲಾಗಿ ನಿಂತವು. ಅಣ್ಣ ಬೂಟಿಗೆ ಕಾಲು ತೂರಿಸಿ, ಹಿಮ್ಮಡಿ ಕುಟ್ಟಿ, “ಆಹಾ, ಕನ್ನಡಿ ಆಗಿದೆ,” ಎಂದು ಹೊರಟ. ಶಬ್ದಗಳು ಸಾಲು ಬಿಟ್ಟು ಒಳಗೆ ಹೋದವು.

ಕಚೇರಿಗೆ ನಡೆದುಹೋಗುವಾಗ ದಾರಿಯೆಲ್ಲ ಇಳಿಯುತ್ತಿತ್ತು. ಇದೂ ನಿನ್ನೆಯಿಂದ ಹಿಡಿದ ಹುಚ್ಚು. ಟಾರು ರಸ್ತೆಯ ಎಡಪಕ್ಕ ಬಲಪಕ್ಕಕ್ಕಿಂತ ಎರಡು ಬೆರಳು ತಗ್ಗು. ದರ್ಜಿ ಅಂಗಡಿಯ ಕಟ್ಟೆ ಚರಂಡಿಯ ಕಡೆ ವಾಲಿದೆ, ಅವನಿಗೆ ಗೊತ್ತಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಯಾರೋ ಚೆಲ್ಲಿದ ಟೀ ಯಾವ ಮೂಲೆಗೆ ಹೋಗಿ ತೊಟ್ಟಿಕ್ಕಬೇಕೆಂದು ಅವಳು ಮೊದಲೇ ಹೇಳಬಲ್ಲಳು, ಅಗೋ ಅಲ್ಲಿಗೇ ಹೋಯಿತು. ಸಮ ಎನ್ನುವುದೇ ಇಲ್ಲ ಲೋಕದಲ್ಲಿ. ಎಲ್ಲವೂ ಎಲ್ಲಿಗೋ ಹರಿಯಲು ಕಾದಿವೆ, ಒಂದು ಲೋಟ ನೀರು ಬಿದ್ದರೆ ಸಾಕು, ಗುಟ್ಟು ಬಿಟ್ಟುಕೊಡುತ್ತವೆ. ಅವಳಿಗೆ ಓಡಬೇಕೆನಿಸಿತು. ದರ್ಜಿಯನ್ನು ಕರೆದು ನಿಮ್ಮ ಕಟ್ಟೆ ವಾಲಿದೆ ಎನ್ನಬೇಕೆನಿಸಿತು. ಶಾಲೆಯಲ್ಲಿ ಒಮ್ಮೆ ಹೀಗೆಯೇ ಆಗಿತ್ತು, ಎಂಟನೇ ಕ್ಲಾಸಿನಲ್ಲಿ, ಮೇಷ್ಟ್ರು ಕೇಳಿದ ಪ್ರಶ್ನೆಗೆ ಇಡೀ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದದ್ದು ತನಗೊಬ್ಬಳಿಗೇ ಎಂದು ತಿಳಿದ ಕ್ಷಣ. ಕಿವಿ ಬಿಸಿಯಾಗಿ, ಅಂಗೈ ಬೆವೆತು, ಕೊನೆಗೂ ಎದ್ದು ನಿಂತು ಹೇಳಿದ್ದಳು, ಆದರೆ ಎಷ್ಟು ಸಣ್ಣ ದನಿಯಲ್ಲಿ ಎಂದರೆ ಪಕ್ಕದ ಹುಡುಗಿಗೆ ಮಾತ್ರ ಕೇಳಿಸಿತು. ಪಕ್ಕದ ಹುಡುಗಿ ಅದನ್ನೇ ಗಟ್ಟಿಯಾಗಿ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಳು. ನೀನ್ಯಾಕೆ ನಿಂತಿದೀಯ, ಗೂಟದ ಹಾಗೆ, ಎಂದು ಮೇಷ್ಟ್ರು ಕೇಳಿದರು. ಕ್ಲಾಸು ನಕ್ಕಿತು. ಆ ವರ್ಷದ ಕೊನೆಗೆ ಅವಳು ಶಾಲೆ ಬಿಟ್ಟಳು. ಮನೆಯಲ್ಲಿ ಬೇರೆ ಕಾರಣ ಹೇಳಿದ್ದಳು. ಅಮ್ಮ ತೀರಿಕೊಂಡ ವರ್ಷ, ಕಾರಣಕ್ಕೇನೂ ಬರಗಾಲವಿರಲಿಲ್ಲ. ವಿಚಿತ್ರವೆಂದರೆ ಸರ್ವೇಯರು ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ ಮೊದಲ ವಾರವೇ ಅದೇ ಹೆಸರಿಟ್ಟಿದ್ದರು. ಅಲ್ಲಾಡದೆ ನಿಲ್ಲೋದು ಅಂದ್ರೆ ಇದು, ಗೂಟ ಅಂದ್ರೆ ಗೂಟ, ಎಂದು. ಅವರ ಬಾಯಲ್ಲಿ ಅದು ಹೊಗಳಿಕೆಯಾಗಿತ್ತು. ಅವಳಿಗೆ ಎರಡು ದಿನ ಊಟ ಸೇರಿರಲಿಲ್ಲ. ಆಮೇಲೆ ಇಷ್ಟವಾಯಿತು.

ನಿಲ್ಲುವುದು ಎಲ್ಲಿ ಎನ್ನುವುದನ್ನು ಕಲಿಸಿದವರೂ ಅವರೇ. ಇಳಿಜಾರನ್ನು ಅಡ್ಡಡ್ಡ ಅಳೆದರೆ ಎಷ್ಟು ಕಡಿದಾದ ಗುಡ್ಡವೂ ಸಾಧುವಾಗಿಬಿಡುತ್ತದೆ, ಎಂದು ಹೇಳಿದ್ದರು. ಅದಕ್ಕೇ ದಾರಿಗಳು ಗುಡ್ಡವನ್ನು ಬಳಸಿಕೊಂಡು ಹೋಗೋದು. ನೇರ ಯಾವುದು ಅಂತ ನಮ್ಮ ಕಣ್ಣಿಗೆ ಗೊತ್ತಾಗಲ್ಲ, ನೀರಿಗೆ ಗೊತ್ತು. ಆದ್ದರಿಂದ ಅವರ ಪದ್ಧತಿ ಹೀಗೆ: ಅವರು ಮೇಲೆ ಗುರುತಿಗೆ ಹೊಡೆದ ಗೂಟದ ಹತ್ತಿರ ನಿಂತು ಬಾಟಲಿಯ ನೀರನ್ನು ನೆಲಕ್ಕೆ ಸುರಿಯುವುದು, ಅದು ಹರಿದ ಜಾಡನ್ನು ಹಿಡಿದು ಅವಳು ಮೂವತ್ತು ಮೀಟರು ಕೆಳಗಿಳಿದು ಕೋಲು ನೆಟ್ಟು ನಿಲ್ಲುವುದು. ಅವರ ಮೊಣಕಾಲು ಕೆಟ್ಟಿತ್ತು, ಇಳಿದು ಪರೀಕ್ಷೆ ಮಾಡುತ್ತಿರಲಿಲ್ಲ. ನಿನ್ನ ಕಾಲೇ ನನ್ನ ಕಾಲು ಎನ್ನುತ್ತಿದ್ದರು. ಮೂರು ತಿಂಗಳ ಹಿಂದೆ ಆ ದಿನವೂ ಬಾಟಲಿ ಬಗ್ಗಿಸಿದರು. ನೀರು ಹುಲ್ಲಿನ ಮಧ್ಯೆ ತಡವರಿಸಿ, ಒಂದು ಕಲ್ಲನ್ನು ಬಳಸಿ, ಆಮೇಲೆ ದಾರಿ ಸಿಕ್ಕವರಂತೆ ಸರ್ರನೆ ಕೆಳಗಿಳಿಯಿತು, ಮತ್ತು ಕೆಳಗೆ, ಸರಿಯಾಗಿ ಅದರ ಜಾಡಿನಲ್ಲಿ, ಮೂವರು ಗಂಡಸರು ಬುತ್ತಿ ಬಿಚ್ಚಿ ಕೂತಿದ್ದರು. ಬೇಲಿ ಹಾಕಲು ಬಂದವರು. ಒಬ್ಬ ಅವಳನ್ನು ನೋಡಿ ಪಕ್ಕದವನಿಗೆ ಮೊಣಕೈಯಿಂದ ತಿವಿದ. ಬಾರಮ್ಮಾ, ಕೋಲು ನಮ್ಮ ಮಧ್ಯೆನೇ ನೆಡು, ನೆರಳಾಗುತ್ತೆ, ಎಂದ ಇನ್ನೊಬ್ಬ. ಅಷ್ಟೇ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೇರೆ ಯಾವಳಾದರೂ ಆಗಿದ್ದರೆ, ಸರೀರಿ ಆಚೆಗೆ, ಎಂದು ಕೋಲಿನಿಂದಲೇ ತಿವಿದಿರುತ್ತಿದ್ದಳು. ಅವಳ ಮುಖ ಮಾತ್ರ ಕೆಂಡವಾಯಿತು. ಅವಳ ಕಾಲು, ಸರ್ವೇಯರ ಕಾಲು, ತಾನಾಗಿಯೇ ಪಕ್ಕಕ್ಕೆ ತಿರುಗಿತು. ಒಂದು ಹೆಜ್ಜೆ, ಎರಡು ಹೆಜ್ಜೆ, ಗುಡ್ಡದ ಮೈಯನ್ನು ಅಡ್ಡಕ್ಕೆ ಬಳಸುತ್ತ ಇಪ್ಪತ್ತು ಹೆಜ್ಜೆ, ಒಂದು ಪೊದೆಯ ಮರೆಗೆ. ಅಲ್ಲಿ ಕೋಲು ನೆಟ್ಟು, ಅಲ್ಲಾಡದೆ ನಿಂತಳು. ಮೇಲಿನಿಂದ ಸರ್ವೇಯರು ಕೈ ಎತ್ತಿದರು, ಅಳತೆಯಾಯಿತು ಎಂದು. ಅಷ್ಟು ಚೆನ್ನಾಗಿ ಅವಳು ಎಂದೂ ನಿಂತಿರಲಿಲ್ಲ.

ಇವತ್ತು ಗುಡ್ಡಕ್ಕೆ ಹೊರಟ ಜೀಪಿನಲ್ಲಿ ಇಬ್ಬರೇ ಇದ್ದರು. ಸರ್ವೇಯರೇ ಓಡಿಸುತ್ತಿದ್ದರು, ಗೇರು ಬದಲಿಸುವಾಗಲೆಲ್ಲ ಮೊಣಕಾಲು ನೋವಿಗೆ ಒಂದು ಸಣ್ಣ ಉಸಿರು ಬಿಡುತ್ತ. ಹಿಂದಿನ ಸೀಟಿನಲ್ಲಿ ಕೋಲು ಹೆಣದ ಹಾಗೆ ಮಲಗಿತ್ತು. ನಿನ್ನೆ ಮಧ್ಯಾಹ್ನ ಫಿಲ್ಟರ್ ಅಕ್ಕ ಕಚೇರಿಗೆ ಬಂದು ಮೇಜಿನ ಮೇಲೆ ಗಾಜಿನ ನಳಿಗೆ ಇಟ್ಟಿದ್ದನ್ನು ಅವಳು ನೆನೆದಳು. ಕೆರೆಯ ನೀರು ಸೋಸುವ ಮನೆಯನ್ನು ಹದಿನೆಂಟು ವರ್ಷದಿಂದ ನೋಡಿಕೊಳ್ಳುತ್ತಿರುವ ಹೆಂಗಸು. ನಳಿಗೆಯ ತಳದಲ್ಲಿ ಒಂದು ಕರಿ ಚುಕ್ಕೆ. ಒಳ್ಳೆಯ ನೀರಾದರೆ ನಳಿಗೆ ತುಂಬಿದರೂ ಮೇಲಿನಿಂದ ಚುಕ್ಕೆ ಕಾಣಬೇಕು. ನಾಲ್ಕು ಬೆರಳು ನೀರಿಗೇ ಚುಕ್ಕೆ ಮಾಯ. ಮರಳು ದಿನಕ್ಕೆ ಮೂರು ಸಲ ತೊಳೀತಿದೀನಿ ಸ್ವಾಮಿ, ಒಂದೇ ಮಳೆಗೆ ಹೀಗೆ, ಮಳೆಗಾಲ ಪೂರ್ತಿ ಬಾಕಿ ಇದೆ, ನನ್ನ ಮೇಲೆ ಗೂಬೆ ಕೂರಿಸ್ತೀರಲ್ಲ, ಎಂದಿದ್ದಳು, ಅತ್ತಿರಲಿಲ್ಲ, ಕೈಗಳು ಮಾತ್ರ ತೊಳೆದು ತೊಳೆದು ಬಿಳಿಚಿ ನೆರಿಗೆಗಟ್ಟಿದ್ದವು. ಆ ಕೈಗಳನ್ನು ನೋಡಿದ ಮೇಲೆಯೇ ಅವಳು ಸಂಜೆ ಕೊಳವೆ ಕದ್ದದ್ದು.

“ಸಾರ್.”

“ಹೂಂ.”

“ಅವತ್ತು ನಾನು ಪಕ್ಕಕ್ಕೆ ನಿಂತಿದ್ದೆ.”

ಆಡಿಬಿಟ್ಟಳು. ಎಷ್ಟು ಸುಲಭ. ಕಿಟಕಿಯಾಚೆ ಮರಗಳು ಹಿಂದಕ್ಕೆ ಓಡುತ್ತಿದ್ದವು, ಓಡುತ್ತಲೇ ಇದ್ದವು, ಏನೂ ಕುಸಿಯಲಿಲ್ಲ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು, ಮೂವರು ಗಂಡಸರು, ಬುತ್ತಿ, ಪೊದೆ, ನಿನ್ನೆ ಸಂಜೆ, ಮೂವತ್ತನಾಲ್ಕು. ಐದು ವರ್ಷದಲ್ಲಿ ಅವರ ಎದುರು ಅಷ್ಟು ಮಾತು ಆಡಿರಲಿಲ್ಲ. ಸರ್ವೇಯರು ಜೀಪು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಕನ್ನಡಕ ತೆಗೆದು ಒಂದೇ ಕೈಯಲ್ಲಿ ಅಂಗಿಗೆ ಒರೆಸಿಕೊಂಡರು.

“ಪೊದೆ ಕಂಡಿತ್ತು ನಂಗೆ,” ಎಂದರು. “ನೀರು ಹೋಗಿದ್ದು ಒಂದು ಕಡೆ, ಗೂಟ ನಿಂತಿದ್ದು ಒಂದು ಕಡೆ ಅಂತ ಅನ್ಸಿತ್ತು. ಇಲ್ಲಿ ಕಟ್ಟಿಸ್ತಿರೋರು, ನಮ್ಮ ಹನ್ನೆರಡು ಮನೆಯವರು, ಟೀ ತರಿಸಿದ್ರು. ಆರ್ತಿತ್ತು. ಇನ್ನೊಂದು ಸಲ ಕೂಗಿ, ನಿನ್ನ ಸರಿಸಿ, ಯಾಕೆ ಬಿಡು ಅಂದ್ಕೊಂಡೆ. ಆರು ತಿಂಗಳಿದೆ ನನ್ನ ರಿಟೈರ್‌ಮೆಂಟಿಗೆ. ಮೂವತ್ತೊಂದು ವರ್ಷ ಒಂದು ಅಳತೆ ತಪ್ಪಿಲ್ಲ.”

“ಇವತ್ತು ಹೇಳ್ತೀರಾ ಸಾರ್?”

“ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಹಾಗಾಗಿದೆ ನಂಗೆ,” ಎಂದು ಅವರು ಎರಡನೇ ಗೇರಿಗೆ ಹಾಕಿದರು. ಗುಡ್ಡ ಶುರುವಾಗಿತ್ತು. “ನಿಮ್ಮಣ್ಣನ ಕೆಲಸವೂ ಹೋಗುತ್ತೆ, ಗೊತ್ತಲ್ಲ.”

ಗೊತ್ತಿತ್ತು. ಅದೊಂದು ಕಲ್ಲು ಅವಳ ಉತ್ಸಾಹದ ಒಳಗೇ ಇತ್ತು, ಓಡುವ ನೀರಿನೊಳಗೆ ಕಲ್ಲು ಇರುವ ಹಾಗೆ. ನೀರು ಅದನ್ನು ಬಳಸಿ ಇನ್ನಷ್ಟು ಸದ್ದು ಮಾಡುತ್ತಿತ್ತು. ಒಬ್ಬರಿಗೆ ಹೇಳಿಯಾಗಿದೆ, ಇನ್ನು ಹಿಂದಕ್ಕೆ ಹೋಗುವಂತಿಲ್ಲ ಎನ್ನುವುದರಲ್ಲಿ ಇಷ್ಟು ಸುಖವಿರುತ್ತದೆಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಗುಡ್ಡದ ಕೆಳಗಿನ ಅರ್ಧ ಈಗಾಗಲೇ ಮೆಟ್ಟಿಲುಗಳಾಗಿತ್ತು, ಹಸಿ ಗಾಯದ ಹಾಗೆ, ಮೆಟ್ಟಿಲಿಂದ ಮೆಟ್ಟಿಲಿಗೆ ಹೋದ ವಾರದ ಮಳೆ ಕೊರೆದ ಸಣ್ಣ ಸಣ್ಣ ಕೊರಕಲುಗಳು, ಎಲ್ಲವೂ ಕೆರೆಯ ಕಡೆಗೆ ಬೆರಳು ತೋರಿಸುತ್ತಿದ್ದವು. ಹುಲ್ಲು, ಬೇರು ಉಳಿದಿದ್ದದ್ದು ಮೇಲಿನ ಪಟ್ಟಿಯಲ್ಲಿ ಮಾತ್ರ. ಅವತ್ತು ಅಳೆದದ್ದೂ ಅಲ್ಲೇ. ಅದನ್ನೂ ಕತ್ತರಿಸಿದರೆ ಮುಂದಿನ ಮಳೆಗೆ ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ. ಅಷ್ಟೇ ಅಲ್ಲ, ಮೂವತ್ತನಾಲ್ಕು ಎನ್ನುವುದೇ ಇರುವುದಿಲ್ಲ, ಅಳೆಯಲು ಇಳಿಜಾರೇ ಉಳಿಯುವುದಿಲ್ಲ. ಪಟ್ಟಿಯ ಅಂಚಿನಲ್ಲಿ ಅಣ್ಣನ ಮಿಷಿನ್ನು ಕತ್ತು ಬಗ್ಗಿಸಿ ನಿಂತಿತ್ತು. ಅಣ್ಣ ಮೇಲೆ ಕೂತು ಕೈ ಬೀಸಿದ. ಇಂಜಿನಿಯರ್ ಮೇಡಂ ಬಂದಿದ್ದರು, ಕಮಿಟಿ ಎಂದರೆ ಅವರೊಬ್ಬರೇ, ತೋಳಲ್ಲಿ ಒಂದು ದಪ್ಪ ಫೈಲು. ಫಿಲ್ಟರ್ ಅಕ್ಕ ಬಂದಿದ್ದಳು. ಹನ್ನೆರಡು ಮನೆಯವರು ಬಂದಿದ್ದರು. ಇಲ್ಲಿ ಹನ್ನೆರಡು ಮನೆ ಕಟ್ಟುತ್ತೇನೆಂದು ಹೇಳಿದ ದಿನದಿಂದ ಅವರಿಗೆ ಅದೇ ಹೆಸರು, ಒಂದು ಮನೆಯೂ ಎದ್ದಿರಲಿಲ್ಲ. ನಗುಮುಖದ ಮನುಷ್ಯ. ಎಲ್ಲರಿಗೂ ಕೊಡೆ ತಂದಿದ್ದರು.

“ಮೇಡಂ, ನೀರು ಕೆಂಪಾಯ್ತು ಅಂತ ಗುಡ್ಡಕ್ಕೆ ಬೀಗ ಹಾಕ್ತೀರಾ,” ಎನ್ನುತ್ತಿದ್ದರು ಅವರು. “ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು.”

“ಕೆಂಪಲ್ಲ, ಹಳದಿ,” ಎಂದಳು ಫಿಲ್ಟರ್ ಅಕ್ಕ. “ಬೇಕಾದ್ರೆ ಒಂದು ಲೋಟ ತಂದುಕೊಡ್ತೀನಿ, ಟೀ ಬದಲು ಕುಡೀರಿ.”

“ಇಬ್ಬರೂ ಸ್ವಲ್ಪ ಸುಮ್ನಿರಿ,” ಎಂದರು ಮೇಡಂ. “ನನ್ನ ಮುಂದಿರೋದು ಒಂದೇ ಪ್ರಶ್ನೆ. ಕಾಗದದಲ್ಲಿ ಇಪ್ಪತ್ತೆಂಟು ಇದೆ. ಕಾಗದ ಸರಿ ಇದ್ರೆ ಕೆಲಸ ನಿಲ್ಲಿಸೋ ಅಧಿಕಾರ ನಂಗಿಲ್ಲ. ಆಫೀಸಲ್ಲಿ ಕೂತೋರಿಗೆ ದೂರದ ಬೆಟ್ಟ ನುಣ್ಣಗೆ ಅಂತಾರೆ, ಅದಕ್ಕೇ ಹತ್ತಿ ಬಂದಿದೀನಿ. ಸರ್ವೇಯರೇ, ಏನಂತೀರಿ?”

ಸರ್ವೇಯರು ಬಾಯಿ ತೆರೆದರು. “ಸಹಿ ನಂದೇ,” ಎಂದರು. ಅಷ್ಟೇ.

ಆಗ ಅವಳ ಕೈ ಜೀಪಿನಿಂದ ಬಾಟಲಿ ತೆಗೆಯಿತು. ಆಮೇಲೆ ಯೋಚಿಸಿದರೂ ಯಾವಾಗ ತೆಗೆಯಿತೆಂದು ಅವಳಿಗೆ ನೆನಪಾಗಲಾರದು. ಗೂಟದ ಹತ್ತಿರ ಹೋಗಿ, ಮುಚ್ಚಳ ತಿರುಗಿಸಿ, ಬಗ್ಗಿಸಿದಳು. ಗಳಗಳ ಸದ್ದಿಗೆ ಮೊದಲು ಮೇಡಂ ತಿರುಗಿದರು, ಆಮೇಲೆ ಎಲ್ಲರೂ. ನೀರು ಹುಲ್ಲಿನಲ್ಲಿ ತಡವರಿಸಿತು. ಅವಳ ಜೀವವೆಲ್ಲ ಆ ತುದಿಯಲ್ಲಿತ್ತು, ಹೊಳೆಯುವ ಆ ಬೆರಳಗಲದ ನಾಲಗೆಯಲ್ಲಿ; ಹೋಗು, ಹೋಗು ಎಂದು ಒಳಗೇ ಕೂಗುತ್ತಿದ್ದಳು, ಕಲ್ಲು ಬಳಸು, ಈಗ ಬಲಕ್ಕೆ, ಹಾಂ, ಈಗ ಬಿಡು. ಬಿಟ್ಟಿತು. ಸರ್ರನೆ ಇಳಿಯಿತು. ಅಲ್ಲಿ ಹೋಯಿತು, ಮೂವರು ಬುತ್ತಿ ಬಿಚ್ಚಿದ್ದ ಜಾಗಕ್ಕೆ, ಕೆರೆಗೆ, ನೇರ.

“ಅವತ್ತು ನೀರು ಇಲ್ಲೇ ಹೋಗಿತ್ತು,” ಎಂದಳು. ದನಿ ಸಣ್ಣಗೆ ಬಂತು. ಯಾರ ಮುಖವೂ ಬದಲಾಗಲಿಲ್ಲ, ಕೇಳಿಸಿರಲಿಲ್ಲ. ಅವಳು ಹೊಟ್ಟೆಯಿಂದ ಉಸಿರೆಳೆದಳು. “ಅವತ್ತು ನೀರು ಇಲ್ಲೇ ಹೋಗಿತ್ತು. ನಾನು ಅಲ್ಲಿ ಪೊದೆ ಹತ್ರ ನಿಂತಿದ್ದೆ. ಇಪ್ಪತ್ತು ಹೆಜ್ಜೆ ಪಕ್ಕಕ್ಕೆ. ಅದಕ್ಕೆ ಇಪ್ಪತ್ತೆಂಟು ಬಂತು. ನೇರ ನಿಂತ್ರೆ ಮೂವತ್ತನಾಲ್ಕು.”

ಈ ಸಲ ಗುಡ್ಡಕ್ಕೇ ಕೇಳಿಸಿತು. ತನ್ನ ದನಿ ಇಷ್ಟು ದಪ್ಪ ಎಂದು ಅವಳಿಗೆ ಗೊತ್ತಿರಲಿಲ್ಲ, ಅದು ಅಮ್ಮನ ದನಿಯ ಹಾಗಿತ್ತು. ಅಣ್ಣ ಇಂಜಿನ್ನು ಆರಿಸಿದ.

“ಗೂಟಕ್ಕೂ ಬಾಯಿ ಬಂತಲ್ಲಪ್ಪ,” ಎಂದು ಹನ್ನೆರಡು ಮನೆಯವರು ನಕ್ಕರು. “ಯಾರು ನೋಡಿದ್ದು ಮೂವತ್ತನಾಲ್ಕು?”

“ನಾನೇ. ನಿನ್ನೆ.”

“ನೀನು ಎಷ್ಟನೇ ಕ್ಲಾಸು ಓದಿದೀಯಮ್ಮ?”

“ಎಂಟು,” ಎಂದಳು. ಹೇಳಿದ ಮೇಲೆ ನೋಡಿದರೆ ಅದು ನೋಯಲೇ ಇಲ್ಲ.

“ಕೋಲು ಯಾರು ಹಿಡಿದಿದ್ರು?” ಎಂದು ಮೇಡಂ ಕೇಳಿದರು. ಅವರು ನಗುತ್ತಿರಲಿಲ್ಲ, ಪೆನ್ನಿನ ಕ್ಯಾಪು ತೆಗೆದಿದ್ದರು.

“ಕಲ್ಲಿಗೆ ಸಿಕ್ಕಿಸಿದ್ದೆ.”

“ಅದು ಲೆಕ್ಕಕ್ಕೆ ಬರಲ್ಲ. ಕೋಲು ಮನುಷ್ಯರ ಕೈಯಲ್ಲಿರ್ಬೇಕು, ಮೇಲೆ ಒಬ್ಬರು ನೋಡ್ಬೇಕು, ಎರಡು ಸಹಿ. ನನ್ನೆದುರಿಗೆ ಈಗ ಅಳತೆ ಆದ್ರೆ ಬಂದ ಸಂಖ್ಯೆ ಬರ್ಕೋತೀನಿ. ಮೂವತ್ತು ದಾಟಿದ್ರೆ ಇಲ್ಲೇ, ನಿಂತ ಕಾಲಲ್ಲೇ ಕೆಲಸ ನಿಲ್ಲಿಸ್ತೀನಿ. ಆಗಲಿಲ್ಲ ಅಂದ್ರೆ ಹಳೇ ಕಾಗದವೇ ಸರಿ, ಮಿಷಿನ್ ಇಳೀಬಹುದು.”

“ನಾ ಹಿಡೀತೀನಿ ಕೋಲು,” ಎಂದು ಫಿಲ್ಟರ್ ಅಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು.

“ದೂರು ಕೊಟ್ಟೋರು ಮುಟ್ಟೋ ಹಾಗಿಲ್ಲ. ಕಟ್ಟೋರೂ ಇಲ್ಲ. ತೀರ್ಪು ಬರೆಯೋಳು ಸಾಕ್ಷಿ ಆಗೋ ಹಾಗಿಲ್ಲ, ಹಾಗಾಗಿ ನಾನೂ ಇಲ್ಲ. ಇವರನ್ನ ಬಿಟ್ಟು ಯಾರಾದ್ರೂ ಸರಿ.”

ಅವರನ್ನು ಬಿಟ್ಟರೆ ಉಳಿದವರು ಮೂವರೇ. ಅವಳಿಗೆ ನಗು ಬಂತು. ಇಷ್ಟು ದೊಡ್ಡ ಗುಡ್ಡ, ಇಷ್ಟು ದೊಡ್ಡ ಕೆರೆ, ಅದರ ನೀರು ಕುಡಿಯುವ ಅಷ್ಟೊಂದು ಮನೆಗಳು, ಕೊನೆಗೆ ಲೆಕ್ಕ ಬಂದು ನಿಂತದ್ದು ನಾಲ್ಕು ಕೈ ಸಿಗುತ್ತವೆಯೋ ಇಲ್ಲವೋ ಎನ್ನುವಲ್ಲಿಗೆ. ಎರಡು ತನ್ನವೇ ಇವೆ. ಅವಳು ಕೊಳವೆಯನ್ನು ಸರ್ವೇಯರ ಕಡೆ ಚಾಚಿದಳು. ಅವರು ನೋಡಿದರೆ ತಾನು ಇಳಿದು ಹೋಗಿ ನಿಲ್ಲುತ್ತಾಳೆ, ಈಗಿಂದೀಗ, ನೀರಿನ ಜಾಡು ಇನ್ನೂ ಒದ್ದೆಯಾಗಿದೆ. ಹಿತ್ತಾಳೆ ಬಿಸಿಲಿಗೆ ಹೊಳೆಯಿತು. ಸರ್ವೇಯರು ಅದನ್ನು ನೋಡಿದರು, ಅವಳ ಮುಖ ನೋಡಿದರು, ಒಂದು ಕ್ಷಣ ಅವರ ಕೈ ಎದ್ದ ಹಾಗಾಯಿತು. ಎದ್ದ ಕೈ ಮೊಣಕಾಲು ಹಿಡಿದುಕೊಂಡಿತು. ಹತ್ತಿರದ ಬಂಡೆಯ ಮೇಲೆ ನಿಧಾನಕ್ಕೆ ಕೂತು, ಕನ್ನಡಕ ತೆಗೆದು ಅಂಗಿಗೆ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಗುಂಪಿನಲ್ಲಿ ಮುಖ ಕೆಂಡವಾಗುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸರಿ, ಹಾಗಾದರೆ ಕೊಳವೆ ನನ್ನ ಕೈಯಲ್ಲೇ ಇರಲಿ, ಅಂದುಕೊಂಡಳು, ಹಾಗೆ ಅಂದುಕೊಂಡ ಕೂಡಲೇ ಮತ್ತೆ ಆ ಇರುವೆಗಳು ಕಾಲಿನಿಂದ ಹತ್ತಿ ಬಂದವು. ನಾನು ಮೇಲೆ ನಿಲ್ಲುತ್ತೇನೆ. ನಾನು ನೋಡುತ್ತೇನೆ.

ಅಣ್ಣ ಮಿಷಿನ್ನಿನಿಂದ ಇಳಿದಿದ್ದ. ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಇಳಿಜಾರಿನಲ್ಲಿ ಓರೆಯಾಗಿ ನಿಂತು ಅವಳನ್ನೇ ನೋಡುತ್ತಿದ್ದ. ಬೆಳಿಗ್ಗೆ ಅವಳ ತಲೆಯ ಮೇಲೆ ತಟ್ಟಿದ ಕೈಯಲ್ಲಿ ಬೀಗದ ಕೈ ತಿರುಗುತ್ತಿರಲಿಲ್ಲ. ಆ ಮುಖದಲ್ಲಿ ಸಿಟ್ಟಿದೆಯೋ ಏನೋ ಅವಳಿಗೆ ಓದಲಾಗಲಿಲ್ಲ. ಚಿಕ್ಕಂದಿನಲ್ಲಿ ಅವಳು ಮೊದಲ ಸಲ ಸೈಕಲ್ಲು ತುಳಿದು, ಹಿಂದೆ ಹಿಡಿದುಕೊಂಡಿದ್ದಾನೆಂದು ನಂಬಿ ಬೀದಿಯ ಕೊನೆವರೆಗೆ ಹೋಗಿ ತಿರುಗಿ ನೋಡಿದಾಗ, ಅವನು ಎಲ್ಲೋ ದೂರದಲ್ಲಿ ಬರಿಗೈಯಲ್ಲಿ ನಿಂತು ಹೀಗೆಯೇ ನೋಡುತ್ತಿದ್ದ.

“ಮಿಷಿನ್ನಿನವನು ಆಗಬಹುದಾ ಮೇಡಂ?” ಎಂದು ಅವಳು ಕೇಳಿದಳು.

“ಸ್ವಂತ ಮಿಷಿನ್ನಾ? ಹಾಗಾದ್ರೆ ಕಟ್ಟೋರ ಆಳಲ್ಲ, ಆಗಬಹುದು. ಅವನಿಗೆ ಕೆಲಸ ಹೋಗುತ್ತೆ ಅಷ್ಟೇ, ಕೋಲು ಹಿಡಿದ್ರೆ ಕೋಲೇನು ಸುಳ್ಳು ಹೇಳಲ್ಲ.”

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು ನೋಡಪ್ಪ ನಿಂದು,” ಎಂದು ಹನ್ನೆರಡು ಮನೆಯವರು ಅಣ್ಣನಿಗೆ ಹೇಳಿದರು. ಈ ಸಲ ನಗಲಿಲ್ಲ. “ಇಂಜಿನ್ ಸ್ಟಾರ್ಟ್ ಮಾಡು, ಹೊತ್ತಾಗ್ತಿದೆ.”

ಅಣ್ಣ ಅವರ ಕಡೆ ತಿರುಗಲಿಲ್ಲ. ಮಿಷಿನ್ನಿನ ಕಡೆಗೂ ಹೋಗಲಿಲ್ಲ. ಅವಳು ಜೀಪಿನಿಂದ ಕೋಲನ್ನು ಎಳೆದು ತಂದು, ಅವನ ಮುಂದೆ, ಕೈಗೆಟುಕುವಷ್ಟು ದೂರದಲ್ಲಿ ಹುಲ್ಲಿನ ಮೇಲೆ ಇಟ್ಟಳು. ಮತ್ತೆ ಗೂಟದ ಹತ್ತಿರ ಹತ್ತಿ ಬಂದಳು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಕೊಳವೆ ಕಣ್ಣಿನ ಮುಂದೆ ಕುಣಿಯುತ್ತಿತ್ತು, ಅದರೊಳಗೆ ಹುಲ್ಲು, ಆಕಾಶ, ಹಳದಿ, ಒಂದು ತುಂಡು ಕೆರೆ, ಅಣ್ಣನ ಭುಜ, ಎಲ್ಲ ಒಂದರ ಮೇಲೊಂದು ಬಂದು ಹೋಗುತ್ತಿದ್ದವು. ಎರಡೂ ಕೈಯಿಂದ ಹಿಡಿದಳು. ಚಕ್ರ ಓಲಾಡುವುದನ್ನು ನಿಲ್ಲಿಸಲಿ ಎಂದು ಕಾದಳು. ಕೆಳಗೆ ನೀರಿನ ಜಾಡು ಬಿಸಿಲಿಗೆ ಅಂಚಿನಿಂದ ಒಣಗುತ್ತ ಬರುತ್ತಿತ್ತು.

“ಅಣ್ಣ,” ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. “ಆ ಕೋಲು ತಗೊಂಡು ಅಲ್ಲಿ ಕೆಳಗೆ, ಒದ್ದೆ ಇರೋ ಕಡೆ, ನೇರ ನಿಂತ್ಕೋ.”